ಸಂಬಳದ ಚೀಟಿ ಇಲ್ಲದವನ ಕಾಲಿಗೆ ಬೆಲೆ ಎಷ್ಟು?



ರಸ್ತೆ ಅಪಘಾತದಲ್ಲಿ ಗಂಡನನ್ನೋ ಮಗನನ್ನೋ ಕಳೆದುಕೊಂಡ ಮನೆಗೆ ನ್ಯಾಯಾಲಯದಿಂದ ಪರಿಹಾರದ ಹಣ ಬಂದಾಗ ನಮ್ಮ ಊರುಗಳಲ್ಲಿ ಒಂದು ಮಾತು ಹುಟ್ಟಿಕೊಳ್ಳುತ್ತದೆ: "ಅವರಿಗೇನು ಬಿಡಿ, ಲಾಟರಿ ಹೊಡೆಯಿತು." ಓದು ಬರಹ ಬಾರದವರು ಮಾತ್ರ ಹೀಗೆ ಹೇಳುವುದಿಲ್ಲ. ಪದವೀಧರರೂ, ನೌಕರಿಯಲ್ಲಿರುವವರೂ, ನಮ್ಮ ಬಂಧುವರ್ಗದಲ್ಲಿಯೇ ಕೆಲವರೂ ಹೇಳುವುದನ್ನು ನಾನು ಕೇಳಿದ್ದೇನೆ. ಈ ಮಾತು ಕ್ರೂರವಾದುದು ಎಂಬುದು ಒಂದು ವಿಷಯ. ಅದಕ್ಕಿಂತ ಮುಖ್ಯವಾಗಿ ಅದು ಸುಳ್ಳು. ಲಾಟರಿಯಲ್ಲಿ ಹಣ ಹಾಕಿದವನು ತನ್ನ ಇಚ್ಛೆಯಿಂದ ಹಾಕಿರುತ್ತಾನೆ. ಇಲ್ಲಿ ಮನೆಯವರು ಹಾಕಿದ್ದು ಒಂದು ಜೀವವನ್ನು, ಅದೂ ಕೇಳದೆ ಕಸಿದುಕೊಂಡದ್ದು. ಅದಕ್ಕೆ ಪ್ರತಿಯಾಗಿ ಸಿಗುವುದು ಬಹುಮಾನವಲ್ಲ, ದಾನವಲ್ಲ, ಸರ್ಕಾರದ ಕೃಪೆಯೂ ಅಲ್ಲ. ಅದು ತೀರಿಸಬೇಕಾದ ಸಾಲ.

ಈ ಸಾಲವನ್ನು ನಮ್ಮ ವ್ಯವಸ್ಥೆ ಹೇಗೆ ಲೆಕ್ಕ ಹಾಕುತ್ತದೆ, ಯಾರಿಗೆ ಎಷ್ಟು ಕಡಿತ ಮಾಡುತ್ತದೆ ಎಂಬುದೇ ಇಂದಿನ ನನ್ನ ವಿಷಯ. ನಾನು ವಕೀಲನಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನು. ಆದರೆ ಮೋಟಾರು ಅಪಘಾತ ಪರಿಹಾರದ ಮೊಕದ್ದಮೆ ಕೊನೆಗೆ ಬಂದು ನಿಲ್ಲುವುದು ಗುಣಾಕಾರ ಭಾಗಾಕಾರಗಳ ಮೇಲೆಯೇ. ಆದುದರಿಂದ ಆ ಲೆಕ್ಕವನ್ನು ಪರಿಶೀಲಿಸುವ ಅಧಿಕಾರ ಗಣಿತದ ಮೇಷ್ಟರಿಗೂ ಇದೆ ಎಂದು ಭಾವಿಸುತ್ತೇನೆ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ: ನಮ್ಮ ಕಾನೂನಿನ ಉದ್ದೇಶ ಒಳ್ಳೆಯದು, ಸರ್ವೋಚ್ಚ ನ್ಯಾಯಾಲಯದ ತೀರ್ಪುಗಳು ಬಹುಮಟ್ಟಿಗೆ ಉದಾರವಾದವು. ಆದರೆ ಕೆಳಹಂತದಲ್ಲಿ ನಡೆಯುವ ವ್ಯವಹಾರದಲ್ಲಿ ಅಳೆಯಲ್ಪಡುವುದು ಮನುಷ್ಯನ ನಷ್ಟವಲ್ಲ, ಅವನ ಬಳಿ ಇರುವ ಕಾಗದ. ಕಾಗದವಿಲ್ಲದವನು ಎರಡು ಬಾರಿ ಪೆಟ್ಟು ತಿನ್ನುತ್ತಾನೆ, ಒಮ್ಮೆ ರಸ್ತೆಯಲ್ಲಿ, ಇನ್ನೊಮ್ಮೆ ಕಟಕಟೆಯಲ್ಲಿ.

ವಿಷಯ ಸಣ್ಣದಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ನೆಯ ವರ್ಷವೊಂದರಲ್ಲೇ ಭಾರತದಲ್ಲಿ 4,61,312 ರಸ್ತೆ ಅಪಘಾತಗಳಾದವು. 1,68,491 ಮಂದಿ ಸತ್ತರು, 4,43,366 ಮಂದಿ ಗಾಯಗೊಂಡರು. ಒಂದು ಸಣ್ಣ ನಗರವೇ ಪ್ರತಿವರ್ಷ ನಿರ್ನಾಮವಾದಂತೆ. ಇವರಲ್ಲಿ ಕಾರಿನೊಳಗೆ ಕುಳಿತವರಿಗಿಂತ ಬೈಕು ಸ್ಕೂಟರುಗಳಲ್ಲಿ ಹೋಗುವವರು, ನಡೆದು ಹೋಗುವವರೇ ಬಹಳ ಹೆಚ್ಚು ಎಂಬುದನ್ನು ನೆನಪಿಡಿ.

ಕಾನೂನಿನ ಚೌಕಟ್ಟು ಸರಳವಾಗಿದೆ. 1988ರ ಮೋಟಾರು ವಾಹನ ಕಾಯಿದೆಯ 166ನೆಯ ಕಲಮಿನಂತೆ ಗಾಯಾಳುವಾಗಲಿ, ಸತ್ತವರ ವಾರಸುದಾರರಾಗಲಿ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಅಪಘಾತವಾದ ಊರಿನಲ್ಲೇ ಹಾಕಬೇಕೆಂದಿಲ್ಲ, ತಾವು ವಾಸಿಸುವ ಊರಿನಲ್ಲೂ ಹಾಕಬಹುದು. ಪ್ರತಿಯೊಂದು ವಾಹನಕ್ಕೂ ಮೂರನೆಯ ವ್ಯಕ್ತಿಯ ವಿಮೆ ಕಡ್ಡಾಯವಾದುದರಿಂದ, ಚಾಲಕನ ತಪ್ಪು ಸಾಬೀತಾದರೆ ಹಣ ಕೊಡುವುದು ವಿಮಾ ಕಂಪನಿ. ನ್ಯಾಯಮಂಡಳಿಯ ಮುಂದಿರುವ ಪ್ರಶ್ನೆಗಳು ಎರಡೇ. ತಪ್ಪು ಯಾರದು? ನಷ್ಟ ಎಷ್ಟು?

ಮೊದಲ ಪ್ರಶ್ನೆಯನ್ನು ನೋಡೋಣ. ಕ್ರಿಮಿನಲ್ ಮೊಕದ್ದಮೆಯಲ್ಲಿ ಬೇಕಾದಂತೆ ಸಂಶಯಾತೀತವಾದ ರುಜುವಾತು ಇಲ್ಲಿ ಬೇಕಿಲ್ಲ. ಹೀಗೆ ನಡೆದಿರುವ ಸಂಭವವೇ ಹೆಚ್ಚು ಎಂದು ತೋರಿಸಿದರೆ ಸಾಕು. 1980ರಷ್ಟು ಹಿಂದೆಯೇ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ಬಸ್ಸು ಅಪಘಾತದ ಒಂದು ಪ್ರಕರಣದಲ್ಲಿ, ಕ್ರಿಮಿನಲ್ ನ್ಯಾಯಾಲಯದಲ್ಲಿ ಚಾಲಕ ಬಿಡುಗಡೆಯಾದ ಮಾತ್ರಕ್ಕೆ ಪರಿಹಾರ ನಿರಾಕರಿಸಬಾರದೆಂದೂ, ಸೂಕ್ಷ್ಮ ತಾಂತ್ರಿಕ ನೆಪಗಳಿಂದ ಸಂತ್ರಸ್ತರನ್ನು ಬರಿಗೈಯಲ್ಲಿ ಕಳಿಸಬಾರದೆಂದೂ ಎಚ್ಚರಿಸಿದ್ದರು. ಕೇಳಲು ಎಷ್ಟು ಹಿತವಾಗಿದೆ! ಆದರೆ ಆ ಸಂಭವವನ್ನು ಯಾವ ಕಾಗದದಿಂದ ತೀರ್ಮಾನಿಸುತ್ತಾರೆ? ಪೊಲೀಸರ ಪ್ರಥಮ ವರ್ತಮಾನ ವರದಿ, ಸ್ಥಳ ಮಹಜರು, ನಕ್ಷೆ, ದೋಷಾರೋಪಣ ಪಟ್ಟಿ ಇವುಗಳಿಂದ. ಇವು ತಯಾರಾಗುವ ಹೊತ್ತಿಗೆ ಪೆಟ್ಟು ತಿಂದವನು ಎಲ್ಲಿರುತ್ತಾನೆ? ಜಿಲ್ಲಾ ಆಸ್ಪತ್ರೆಯ ಹಾಸಿಗೆಯ ಮೇಲೆ, ಪ್ರಜ್ಞೆಯಿಲ್ಲದೆ. ಅವನ ಹೆಂಡತಿ ರಕ್ತದ ಬಾಟಲಿಗಾಗಿ ಓಡಾಡುತ್ತಿರುತ್ತಾಳೆ. ಕಾರಿನವನೋ ಲಾರಿ ಮಾಲೀಕನೋ ಠಾಣೆಯಲ್ಲಿರುತ್ತಾನೆ. ನಕ್ಷೆಯಲ್ಲಿ ಬೈಕು ರಸ್ತೆಯ ಎಡಗಡೆ ಬಿದ್ದಿತ್ತೋ ನಡುವೆ ಬಿದ್ದಿತ್ತೋ ಎಂಬ ಒಂದು ಗೆರೆ, ಮೂರು ನಾಲ್ಕು ವರ್ಷಗಳ ನಂತರ ಲಕ್ಷಾಂತರ ರೂಪಾಯಿಗಳನ್ನು ನಿರ್ಧರಿಸುತ್ತದೆ. ಆ ಗೆರೆ ಎಳೆಯುವಾಗ ಒಂದು ಪಕ್ಷದವರು ಮಾತ್ರ ಅಲ್ಲಿ ನಿಂತಿದ್ದರು ಎಂಬುದು ಕಡತದಲ್ಲಿ ಎಲ್ಲಿಯೂ ಬರೆದಿರುವುದಿಲ್ಲ.

ಅದರ ಮೇಲೆ ಬರುತ್ತದೆ ಪಾಲಿನ ತಪ್ಪು. ಪೆಟ್ಟು ತಿಂದವನದೂ ತಪ್ಪಿನಲ್ಲಿ ಭಾಗವಿದ್ದರೆ, ಅಷ್ಟು ಭಾಗವನ್ನು ಪರಿಹಾರದಿಂದ ಕಳೆಯಬೇಕು ಎಂಬುದು ನಿಯಮ. ತತ್ತ್ವವಾಗಿ ಇದಕ್ಕೆ ನನ್ನ ಆಕ್ಷೇಪವಿಲ್ಲ. ಕುಡಿದು ಗಾಡಿ ಓಡಿಸಿದವನು, ಎದುರು ದಿಕ್ಕಿನಲ್ಲಿ ನುಗ್ಗಿದವನು ತನ್ನ ಪಾಲನ್ನು ಹೊರಲೇಬೇಕು. ನನ್ನ ಆಕ್ಷೇಪವಿರುವುದು ಅಂಕಿಯ ಬಗ್ಗೆ. ಶೇಕಡಾ 25, ಶೇಕಡಾ 50 ಎಂದು ದುಂಡಗೆ ಬರೆಯುತ್ತಾರಲ್ಲ, ಈ ಸಂಖ್ಯೆ ಯಾವ ಲೆಕ್ಕದಿಂದ ಬಂತು? ಇಪ್ಪತ್ತೆರಡು ಏಕಲ್ಲ, ಹದಿನೇಳು ಏಕಲ್ಲ? ನಮ್ಮ ಪರೀಕ್ಷೆಯಲ್ಲಿ ಹುಡುಗನೊಬ್ಬ ಕ್ರಮ ತೋರಿಸದೆ ಉತ್ತರ ಮಾತ್ರ ಬರೆದರೆ ನಾವು ಅಂಕ ಕೊಡುತ್ತಿರಲಿಲ್ಲ. ಒಂದು ಕುಟುಂಬದ ಕಾಲು ಭಾಗ ಅನ್ನವನ್ನು ಕಡಿಯುವಾಗಲೂ ಕ್ರಮ ತೋರಿಸಬೇಡವೇ?

ಮೇಲಿನ ನ್ಯಾಯಾಲಯ ಈ ಬಗ್ಗೆ ಹಲವು ಬಾರಿ ಕಿವಿ ಹಿಂಡಿದೆ. ಬೈಕಿನಲ್ಲಿ ಮೂವರು ಕುಳಿತಿದ್ದರು ಎಂಬುದಷ್ಟೇ ಸಾಲದು, ಅದರಿಂದಲೇ ಅಪಘಾತವಾಯಿತು ಅಥವಾ ಪೆಟ್ಟು ಹೆಚ್ಚಾಯಿತು ಎಂದು ತೋರಿಸಿದ ಹೊರತು ಅದನ್ನು ಅವರ ಪಾಲಿನ ತಪ್ಪೆಂದು ಎಣಿಸಬಾರದು ಎಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ಎರಡು ವಾಹನಗಳ ತಪ್ಪಿನಿಂದ ಮೂರನೆಯವರಿಗೆ ಪೆಟ್ಟಾದರೆ, ಉದಾಹರಣೆಗೆ ಬೈಕಿನ ಹಿಂದೆ ಕುಳಿತ ಹೆಣ್ಣುಮಗಳಿಗೆ, ಆಕೆ ಇಬ್ಬರಲ್ಲಿ ಯಾರಿಂದ ಬೇಕಾದರೂ ಪೂರ್ತಿ ಹಣ ಪಡೆಯಬಹುದು, ಪಾಲು ಹಂಚಿಕೊಳ್ಳುವ ಜಗಳ ಅವರಿಬ್ಬರದು ಎಂದು 2015ರಲ್ಲಿ ಸ್ಪಷ್ಟಪಡಿಸಿತು. 2025ರ ಜುಲೈ ತಿಂಗಳಿನಲ್ಲಿ ಕೊಯಮತ್ತೂರಿನ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬನ ಪ್ರಕರಣ ತೀರ್ಮಾನವಾಯಿತು. ಹೆದ್ದಾರಿಯಲ್ಲಿ ಮುಂದಿದ್ದ ಕಾರು ಇದ್ದಕ್ಕಿದ್ದಂತೆ ನಿಂತಿತು, ಹುಡುಗನ ಬೈಕು ಅದಕ್ಕೆ ತಗುಲಿ ಬಿದ್ದಿತು, ಹಿಂದಿನಿಂದ ಬಂದ ಬಸ್ಸು ಅವನ ಕಾಲಿನ ಮೇಲೆ ಹರಿಯಿತು, ಕಾಲನ್ನು ಕತ್ತರಿಸಬೇಕಾಯಿತು. ಸೂಚನೆ ಕೊಡದೆ ಹೆದ್ದಾರಿಯಲ್ಲಿ ಗಾಡಿ ನಿಲ್ಲಿಸುವುದು ನಿರ್ಲಕ್ಷ್ಯವೇ ಎಂದು ಹೇಳಿ, ಕಾರಿಗೆ ಶೇಕಡಾ 50, ಬಸ್ಸಿಗೆ 30, ಹುಡುಗನಿಗೆ 20 ಎಂದು ನ್ಯಾಯಾಲಯ ಹಂಚಿತು. ಅಪಘಾತವಾದದ್ದು 2017ರಲ್ಲಿ. ಎಂಟೂವರೆ ವರ್ಷ! ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಬಲ್ಲವನಿಗೆ ನ್ಯಾಯ ಇದೆ. ತಾಲ್ಲೂಕು ಕೇಂದ್ರದಲ್ಲೇ ಸುಸ್ತಾಗಿ ಕುಳಿತವನಿಗೆ?

ತಪ್ಪಿನ ಈ ಹಂಚಿಕೆಯಲ್ಲಿ ಒಬ್ಬ ಪಾಲುದಾರ ಮಾತ್ರ ಸಾಮಾನ್ಯವಾಗಿ ಕಾಣಿಸುವುದೇ ಇಲ್ಲ. ಅದು ರಸ್ತೆ. ಹಳ್ಳ ಬಿದ್ದ ತಿರುವು, ಬಣ್ಣ ಬಳಿಯದ ಉಬ್ಬು, ದೀಪವಿಲ್ಲದ ವಿಭಜಕ, ಎಚ್ಚರಿಕೆಯ ಫಲಕವಿಲ್ಲದೆ ಅಗೆದ ಗುಂಡಿ. ಇವುಗಳ ಎಂಜಿನಿಯರಾಗಲಿ ಗುತ್ತಿಗೆದಾರನಾಗಲಿ ನ್ಯಾಯಮಂಡಳಿಯ ಮುಂದೆ ನಿಲ್ಲುವುದು ತೀರ ಅಪರೂಪ. 2019ರ ತಿದ್ದುಪಡಿಯಲ್ಲಿ 198-ಎ ಎಂಬ ಹೊಸ ಕಲಮನ್ನು ಸೇರಿಸಿ, ರಸ್ತೆಯ ವಿನ್ಯಾಸ ಮತ್ತು ನಿರ್ವಹಣೆಯ ಮಾನದಂಡ ಪಾಲಿಸದೆ ಸಾವು ಅಂಗವೈಕಲ್ಯಗಳಿಗೆ ಕಾರಣರಾದವರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ಎಂದರು. ಕೋಟಿಗಟ್ಟಲೆ ರೂಪಾಯಿಯ ಗುತ್ತಿಗೆಗೆ ಒಂದು ಲಕ್ಷದ ಭಯ! ಗುಂಡಿಯನ್ನು ತಪ್ಪಿಸಲು ಹೋಗಿ ಬಿದ್ದ ಬೈಕಿನವನ ಮೇಲೆಯೇ ಅಜಾಗರೂಕ ಚಾಲನೆಯ ಮೊಕದ್ದಮೆ ದಾಖಲಾಗುವುದನ್ನು ನೀವೂ ಪತ್ರಿಕೆಗಳಲ್ಲಿ ಓದಿರುತ್ತೀರಿ.

ಇನ್ನು ಎರಡನೆಯ ಪ್ರಶ್ನೆ, ನಷ್ಟ ಎಷ್ಟು. ಇಲ್ಲಿ ಸೀಮೆಸುಣ್ಣ ಹಿಡಿಯಲೇಬೇಕು. 2009ರ ಸರಳಾ ವರ್ಮಾ ಪ್ರಕರಣ ಮತ್ತು 2017ರ ಪ್ರಣಯ್ ಸೇಠಿ ಪ್ರಕರಣ, ಇವೆರಡೂ ಸೇರಿ ಇಂದಿನ ಲೆಕ್ಕದ ಸೂತ್ರವನ್ನು ಕೊಟ್ಟಿವೆ. ಸತ್ತವನ ತಿಂಗಳ ಆದಾಯ ತೆಗೆದುಕೊಳ್ಳಿ. ಮುಂದೆ ಹೆಚ್ಚಬಹುದಾಗಿದ್ದ ಆದಾಯವೆಂದು ಒಂದಷ್ಟು ಕೂಡಿಸಿ. ಅವನ ಸ್ವಂತ ಖರ್ಚನ್ನು ಕಳೆಯಿರಿ. ಅವನು ಅವಿವಾಹಿತನಾದರೆ ಅರ್ಧ, ಅವಲಂಬಿತರು ಎರಡು ಮೂರು ಮಂದಿಯಾದರೆ ಮೂರನೆಯ ಒಂದು ಭಾಗ, ನಾಲ್ಕರಿಂದ ಆರಾದರೆ ಕಾಲು ಭಾಗ. ಉಳಿದದ್ದನ್ನು ಹನ್ನೆರಡರಿಂದ ಗುಣಿಸಿ, ಬಳಿಕ ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಿ. ಇಪ್ಪತ್ತೈದರವರೆಗೆ ಗುಣಕ 18, ಮೂವತ್ತೊಂದರಿಂದ ಮೂವತ್ತೈದಕ್ಕೆ 16, ಹೀಗೆ ಇಳಿಯುತ್ತಾ ಅರವತ್ತೈದು ದಾಟಿದವರಿಗೆ 5.

ಈಗ ಮೂವತ್ತೆರಡು ವಯಸ್ಸಿನ ಇಬ್ಬರು ಒಂದೇ ದಿನ ಒಂದೇ ಲಾರಿಗೆ ಬಲಿಯಾದರೆಂದು ಭಾವಿಸಿ. ಇಬ್ಬರಿಗೂ ಹೆಂಡತಿ, ಒಂದು ಮಗು, ತಾಯಿ. ಒಬ್ಬ 60,000 ರೂಪಾಯಿ ಸಂಬಳದ ಖಾಯಂ ನೌಕರ. ಶೇಕಡಾ 50 ಕೂಡಿಸಿದರೆ 90,000, ಮೂರನೆಯ ಒಂದು ಭಾಗ ಕಳೆದರೆ 60,000. ಹನ್ನೆರಡು ತಿಂಗಳು, ಹದಿನಾರು ಗುಣಕ: 1,15,20,000 ರೂಪಾಯಿ. ಇನ್ನೊಬ್ಬ ಕೂಲಿಯವನು, ಆದಾಯ 12,000 ಎಂದು ನ್ಯಾಯಮಂಡಳಿ ಹಿಡಿಯಿತು. ಖಾಯಂ ನೌಕರಿಯಿಲ್ಲದುದರಿಂದ ಅವನಿಗೆ ಕೂಡುವುದು ಶೇಕಡಾ 40 ಮಾತ್ರ. 16,800 ಆಯಿತು, ಮೂರನೆಯ ಒಂದು ಭಾಗ ಕಳೆದು 11,200. ಗುಣಿಸಿದರೆ 21,50,400. ಶೇಕಡಾ 25 ಪಾಲಿನ ತಪ್ಪನ್ನು ಅವನ ತಲೆಗೆ ಕಟ್ಟಿದರೆ 16,12,800.

ಗಳಿಕೆ ಹೆಚ್ಚಿದ್ದವನ ಮನೆಗೆ ನಷ್ಟವೂ ಹೆಚ್ಚು ತಾನೆ, ಇದರಲ್ಲಿ ಅನ್ಯಾಯವೇನು ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಅವಲಂಬಿತರು ಕಳೆದುಕೊಂಡದ್ದನ್ನು ತುಂಬಿಕೊಡುವುದೇ ಕಾನೂನಿನ ಗುರಿಯಾದ್ದರಿಂದ ಇಬ್ಬರಿಗೂ ಒಂದೇ ಮೊತ್ತ ಕೊಡಬೇಕೆಂದು ನಾನು ವಾದಿಸುವುದಿಲ್ಲ. ನಾನು ಕೇಳುವುದು ಇಷ್ಟೇ: ಆ 12,000 ಎಂಬ ಅಂಕಿ ಎಲ್ಲಿಂದ ಬಂತು? ನೌಕರನ 60,000ಕ್ಕೆ ಸಂಬಳದ ಚೀಟಿ ಇದೆ. ಕೂಲಿಯವನ ಗಳಿಕೆಗೆ ದಾಖಲೆಯಿಲ್ಲ, ಆದುದರಿಂದ ಅದು ಊಹೆ. ಊಹೆ ಯಾವಾಗಲೂ ಕೆಳಮುಖವಾಗಿಯೇ ಏಕೆ ಹರಿಯುತ್ತದೆ?

ಇದಕ್ಕೆ ನಮ್ಮ ರಾಜ್ಯದಿಂದಲೇ ಹೋದ ಎರಡು ಪ್ರಕರಣಗಳು ಸಾಕ್ಷಿ. ಬೆಂಗಳೂರಿನ ಒಬ್ಬ ಕೂಲಿಯವನು ತಿಂಗಳಿಗೆ 4,500 ರೂಪಾಯಿ ದುಡಿಯುತ್ತಿದ್ದೆನೆಂದ. ಕೆಳಗಿನವರು 3,000 ಎಂದು ಹಿಡಿದರು. ಬೆಂಗಳೂರಿನಂಥ ಊರಿನಲ್ಲಿ ಕೂಲಿಯವನು ಅಷ್ಟು ದುಡಿಯುವುದು ಅಸಂಭವವಲ್ಲ, ಅವನಿಂದ ದಾಖಲೆ ಕೇಳುವುದು ಸಲ್ಲದು ಎಂದು 2011ರಲ್ಲಿ ಸರ್ವೋಚ್ಚ ನ್ಯಾಯಾಲಯ 4,500ನ್ನೇ ಒಪ್ಪಿತು. ಇನ್ನೊಬ್ಬ ಕಾಲು ಕಳೆದುಕೊಂಡ ತರಕಾರಿ ವ್ಯಾಪಾರಿ. ತರಕಾರಿ ಮಾರುವವನು ಕುಳಿತಲ್ಲೇ ಮಾರಬಹುದಲ್ಲ ಎಂಬ ತರ್ಕಕ್ಕೆ 2014ರಲ್ಲಿ ಸರ್ವೋಚ್ಚ ನ್ಯಾಯಾಲಯ ಕೊಟ್ಟ ಉತ್ತರವನ್ನು ಪ್ರತಿಯೊಬ್ಬ ಮೇಷ್ಟರೂ ತರಗತಿಯಲ್ಲಿ ಓದಿ ಹೇಳಬೇಕು. ತರಕಾರಿ ವ್ಯಾಪಾರವೆಂದರೆ ಕುಳಿತು ಮಾರುವುದಷ್ಟೇ ಅಲ್ಲ, ಸಗಟು ಮಾರುಕಟ್ಟೆಗೆ ಹೋಗಿ ಕೊಂಡು ತರುವುದೂ ಅದರ ಭಾಗ ಎಂಬುದು ಅದರ ತಾತ್ಪರ್ಯ. ಅವನ ಗಳಿಕೆಯ ಶಕ್ತಿಯಲ್ಲಾದ ನಷ್ಟ ಶೇಕಡಾ 85 ಎಂದು ಹಿಡಿದು, ತಿಂಗಳ ಆದಾಯ 6,500 ಎಂದು ಲೆಕ್ಕ ಹಾಕಿದರು. ಬೆಳಗಿನ ಜಾವ ಮೂರು ಗಂಟೆಗೆ ಮಾರುಕಟ್ಟೆಗೆ ಹೋಗಿ ಮೂಟೆ ಹೊತ್ತವರಿಗೆ ಇದು ಹೊಸ ವಿಷಯವಲ್ಲ. ದೆಹಲಿಯ ನ್ಯಾಯಾಧೀಶರಿಗೆ ತಿಳಿದದ್ದು ಇಲ್ಲಿನವರಿಗೆ ಹೊಳೆಯಲಿಲ್ಲವಲ್ಲ ಎಂಬುದೇ ನನ್ನ ವ್ಯಥೆ.

ಈ ವ್ಯಥೆಗೆ ಕಾರಣವಾದ ಒಂದು ಪ್ರಸಂಗವನ್ನು ಹೇಳುತ್ತೇನೆ. ಊರಿನ, ಕಚೇರಿಗಳ, ವ್ಯಕ್ತಿಗಳ ಹೆಸರು ಬೇಡ. ನನ್ನ ಬಳಿ ಹತ್ತನೆಯ ತರಗತಿಯವರೆಗೆ ಓದಿದ ಹುಡುಗನೊಬ್ಬ ಗಾರೆ ಕೆಲಸಕ್ಕೆ ಸೇರಿ ಒಳ್ಳೆಯ ಕೆಲಸಗಾರನೆಂದು ಹೆಸರು ಪಡೆದಿದ್ದ. 2014ರಲ್ಲಿ, ಮೂವತ್ತೆಂಟನೆಯ ವಯಸ್ಸಿನಲ್ಲಿ, ಸಂಜೆ ಬೈಕಿನಲ್ಲಿ ಮನೆಗೆ ಬರುವಾಗ ಕಾರೊಂದು ಗುದ್ದಿ ಬಲಗಾಲಿನ ಮೊಳಕಾಲ ಕೆಳಗೆ ಎರಡು ಕಡೆ ಮೂಳೆ ಮುರಿಯಿತು. ರಾಡು ಹಾಕಿದರು. ಎಲುಬು ಕೂಡಿತು, ಆದರೆ ಪಾದ ಮೊದಲಿನಂತೆ ಬಾಗಲಿಲ್ಲ. ಅವನ ಸಾಕ್ಷ್ಯದ ದಿನ ಜೊತೆಯಲ್ಲಿ ಬರಬೇಕೆಂದು ಕೇಳಿಕೊಂಡ, ಹೋದೆ.

ಪಾಟೀಸವಾಲು ಹತ್ತು ನಿಮಿಷದಲ್ಲಿ ಮುಗಿಯಿತು.

"ಸಂಬಳದ ದಾಖಲೆ ಇದೆಯೇನಪ್ಪಾ?"

"ಇಲ್ಲ ಸ್ವಾಮಿ. ದಿನಗೂಲಿ. ಶನಿವಾರ ಬಟವಾಡೆ."

"ಆದಾಯ ತೆರಿಗೆ ಕಟ್ಟಿದ್ದೀಯಾ? ಬ್ಯಾಂಕಿನಲ್ಲಿ ಹಣ ಜಮಾ ಮಾಡಿದ್ದೀಯಾ?"

"ಇಲ್ಲ ಸ್ವಾಮಿ."

"ಈಗ ಕೋರ್ಟಿಗೆ ನಡೆದುಕೊಂಡೇ ಬಂದೆಯಲ್ಲಾ?"

"ಹೌದು ಸ್ವಾಮಿ."

"ಹಾಗಾದರೆ ನಿನಗೆ ಮೊದಲಿನಂತೆಯೇ ಕೆಲಸ ಮಾಡಲು ಆಗುತ್ತದೆ."

"ಇಲ್ಲ ಸ್ವಾಮಿ, ಸಾರುವೆ ಹತ್ತಲಾಗುವುದಿಲ್ಲ."

ಕೊನೆಯ ಉತ್ತರ ಟೈಪಾಗಿ ಬಂದದ್ದು ಹೀಗೆ: ನಾನು ಮೊದಲಿನಂತೆ ಕೆಲಸ ಮಾಡಬಲ್ಲೆ ಎಂದರೆ ಸರಿಯಲ್ಲ. ಸಾರುವೆ ಎಂಬ ಶಬ್ದ ಕಡತಕ್ಕೆ ಇಳಿಯಲೇ ಇಲ್ಲ. ಕೂಲಿ ಕೊಡುತ್ತಿದ್ದ ಮೇಸ್ತ್ರಿ ಸಾಕ್ಷಿ ಹೇಳಲು ಬರಲಿಲ್ಲ. ಬಂದರೆ ತಾನು ಯಾರ್ಯಾರಿಗೆ ಎಷ್ಟೆಷ್ಟು ಕೊಡುತ್ತೇನೆಂಬ ಲೆಕ್ಕ ಹೊರಬೀಳುತ್ತದೆಂಬ ಭಯ ಅವನಿಗೆ. ವೈದ್ಯರು ಕಾಲಿಗೆ ಶೇಕಡಾ 36 ಅಂಗವೈಕಲ್ಯ ಎಂದರು. ಅದನ್ನು ಮೂರರಿಂದ ಭಾಗಿಸಿ ಇಡೀ ದೇಹಕ್ಕೆ ಶೇಕಡಾ 12 ಎಂದು ಬರೆದರು. ಕಾಲಿನ ಅಂಗವೈಕಲ್ಯದ ಮೂರನೆಯ ಒಂದು ಭಾಗವೇ ದೇಹದ ಅಂಗವೈಕಲ್ಯ ಎಂಬ ರೂಢಿ ನಮ್ಮ ನ್ಯಾಯಮಂಡಳಿಗಳಲ್ಲಿ ವ್ಯಾಪಕವಾಗಿದೆ. ಆದಾಯ 8,000 ಎಂದು ಹಿಡಿದರು. ಗುಣಕ 15. ಲೆಕ್ಕ ಮಾಡಿ ನೋಡಿ: 8,000ವನ್ನು 12ರಿಂದ, 15ರಿಂದ ಗುಣಿಸಿ ಅದರ ಶೇಕಡಾ 12 ತೆಗೆದರೆ 1,72,800. ಬೈಕಿನವನೂ ಎಚ್ಚರ ವಹಿಸಬೇಕಿತ್ತು ಎಂದು ಅದರಲ್ಲಿ ಕಾಲು ಭಾಗ ಕಳೆದರು. ಉಳಿದದ್ದು 1,29,600. ಜೀವಮಾನದ ಗಳಿಕೆಯ ನಷ್ಟಕ್ಕೆ ಇಷ್ಟು. ಆಸ್ಪತ್ರೆಯ ಖರ್ಚು, ನೋವಿನ ಬಾಬ್ತು ಬೇರೆ.

ಈಗ ಅವನ ನಿಜವಾದ ಲೆಕ್ಕ. ದಿನಕ್ಕೆ 600 ರೂಪಾಯಿ, ತಿಂಗಳಿಗೆ 22 ದಿನ ಕೆಲಸ ಎಂದರೆ 13,200. ಸಾರುವೆ ಹತ್ತಲಾರದ ಗಾರೆ ಕೆಲಸಗಾರ ಕುಳಿತು ಮಾಡುವ ಚಿಲ್ಲರೆ ಕೆಲಸದಲ್ಲಿ ಅರ್ಧವನ್ನೂ ಗಳಿಸಲಾರ. ಗಳಿಕೆಯ ನಷ್ಟ ಶೇಕಡಾ 60 ಎಂದರೂ ಬರುವುದು 14,25,600. ಹದಿನಾಲ್ಕು ಲಕ್ಷವೆಲ್ಲಿ, ಒಂದು ಲಕ್ಷ ಚಿಲ್ಲರೆಯೆಲ್ಲಿ? ಹತ್ತು ಪಟ್ಟಿಗೂ ಮಿಗಿಲಾದ ಈ ಅಂತರಕ್ಕೆ ಒಂದು ಸುಳ್ಳೂ ಬೇಕಾಗಲಿಲ್ಲ. ಆದಾಯದಲ್ಲಿ ಒಂದಿಷ್ಟು, ಅಂಗವೈಕಲ್ಯದಲ್ಲಿ ಒಂದಿಷ್ಟು, ತಪ್ಪಿನ ಪಾಲಿನಲ್ಲಿ ಒಂದಿಷ್ಟು ಕೊರೆದರೆ ಸಾಕು. ಗುಣಾಕಾರದ ಗುಣವೇ ಅದು. ಪ್ರತಿ ಹೆಜ್ಜೆಯಲ್ಲಿ ಸ್ವಲ್ಪ ಕಡಿಮೆ ಹಿಡಿದರೆ ಕೊನೆಗೆ ಸರ್ವನಾಶ.

ಕಾನೂನು ಹೀಗೆ ಹೇಳುತ್ತದೆಯೇ? ಖಂಡಿತ ಇಲ್ಲ. 2010ರ ರಾಜ್ ಕುಮಾರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ದೇಹದ ಅಂಗವೈಕಲ್ಯವೇ ಬೇರೆ, ಗಳಿಕೆಯ ನಷ್ಟವೇ ಬೇರೆ ಎಂದು ಬಿಡಿಸಿ ಹೇಳಿದೆ. ಎಡಗೈ ಕಳೆದುಕೊಂಡವನು ಚಾಲಕನೋ ಬಡಗಿಯೋ ಆಗಿದ್ದರೆ ಅವನ ಗಳಿಕೆ ಬಹುತೇಕ ಪೂರ್ತಿ ಹೋದಂತೆ, ಸರ್ಕಾರಿ ಗುಮಾಸ್ತನಾಗಿದ್ದರೆ ನೌಕರಿ ಉಳಿಯಬಹುದು ಎಂಬ ಉದಾಹರಣೆಯನ್ನೂ ಕೊಟ್ಟಿದೆ. ಅವನು ಮೊದಲು ಏನು ಮಾಡುತ್ತಿದ್ದ, ಈಗ ಏನು ಮಾಡಬಲ್ಲ ಎಂದು ನ್ಯಾಯಮಂಡಳಿಯೇ ವಿಚಾರಿಸಬೇಕೆಂದು ಸೂಚಿಸಿದೆ. ಆದರೂ ಮೂರರಿಂದ ಭಾಗಿಸುವ ರೂಢಿ ಮುಂದುವರಿದಿದೆ, ಏಕೆಂದರೆ ಭಾಗಾಕಾರ ಸುಲಭ, ವಿಚಾರಣೆ ಕಷ್ಟ.

ಕೂಲಿಯವನ ಪಾಡು ಇದಾದರೆ ಗೃಹಿಣಿಯ ಪಾಡೇನು? 1994ರಲ್ಲಿ ಕಾಯಿದೆಗೆ ಸೇರಿಸಿದ ಎರಡನೆಯ ಅನುಸೂಚಿಯಲ್ಲಿ ಗಳಿಕೆಯಿಲ್ಲದವರ ಆದಾಯ ವರ್ಷಕ್ಕೆ 15,000 ರೂಪಾಯಿ ಎಂದಿತ್ತು. ಗಳಿಕೆಯಿಲ್ಲದ ಹೆಂಡತಿಯದು ಗಂಡನ ಆದಾಯದ ಮೂರನೆಯ ಒಂದು ಭಾಗ ಎಂದಿತ್ತು. ಗಂಡ ಬಡವನಾದರೆ ಹೆಂಡತಿ ಬೇಯಿಸಿದ ಅನ್ನದ ಬೆಲೆಯೂ ಇಳಿಯಿತು! ಆ ಅಂಕಿಗಳು ಎರಡು ದಶಕಕ್ಕೂ ಹೆಚ್ಚು ಕಾಲ ಅಲುಗಲಿಲ್ಲ. ಅವನ್ನು ತಿದ್ದಿರೆಂದು ಸರ್ವೋಚ್ಚ ನ್ಯಾಯಾಲಯ 2013ರಲ್ಲಿ ಕೇಂದ್ರಕ್ಕೆ ಹೇಳಿದ್ದೂ ಕರ್ನಾಟಕದಿಂದ ಹೋದ ಒಂದು ಪ್ರಕರಣದಲ್ಲಿಯೇ. 2021ರ ಜನವರಿಯ ತೀರ್ಪೊಂದರಲ್ಲಿ ನ್ಯಾಯಮೂರ್ತಿ ಎನ್. ವಿ. ರಮಣ ಅವರು ಸರ್ಕಾರದ್ದೇ ಸಮೀಕ್ಷೆಯನ್ನು ಎತ್ತಿ ತೋರಿಸಿದರು. ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಕೊಟ್ಟರೆ ಗಂಡಸರು ಕೊಡುವುದು 97 ನಿಮಿಷ. 2024ರ ಫೆಬ್ರವರಿಯಲ್ಲಿ ಇನ್ನೊಂದು ಪೀಠ, ಗೃಹಿಣಿಯ ಆದಾಯವನ್ನು ದಿನಗೂಲಿಯವರ ಕನಿಷ್ಠ ವೇತನಕ್ಕಿಂತ ಕಡಿಮೆ ಹಿಡಿಯುವುದು ಹೇಗೆ ಸಾಧ್ಯ ಎಂದು ಕೇಳಿತು. ಮಕ್ಕಳ ವಿಷಯದಲ್ಲೂ ಹಾಗೆಯೇ. 2025ರಲ್ಲಿ ಬಂದ ತೀರ್ಪಿನಂತೆ ಮಗುವಿನ ಆದಾಯವನ್ನು ಕುಶಲ ಕಾರ್ಮಿಕನ ಕನಿಷ್ಠ ವೇತನಕ್ಕೆ ಸಮನಾಗಿ ಎಣಿಸಬೇಕು. ತರಗತಿಯಲ್ಲಿ ಕುಳಿತ ಮಗುವನ್ನು ಗಳಿಕೆಯಿಲ್ಲದ ಜೀವ ಎಂದು ನೋಡುತ್ತಿದ್ದ ಕಾನೂನು ತಡವಾಗಿಯಾದರೂ ಕಣ್ಣು ಬಿಟ್ಟಿದೆ.

ಇನ್ನೊಂದು ವರ್ಗವಿದೆ, ಅವರಿಗೆ ವಿಮೆಯೇ ಇಲ್ಲ. ಬೆಳಿಗ್ಗೆ ಸರಕು ಸಾಗಿಸುವ ಗಾಡಿಯ ಹಿಂದೆ ನಿಂತು ಶುಂಠಿ ಕೀಳಲು, ಕಾಫಿ ಕೊಯ್ಯಲು ಹೋಗುವ ಹೆಂಗಸರನ್ನು ನೀವು ನೋಡಿದ್ದೀರಿ. ಸರಕು ವಾಹನದಲ್ಲಿ ಸುಮ್ಮನೆ ಪ್ರಯಾಣಿಸುವವರಿಗೆ ಅದರ ವಿಮೆ ಅನ್ವಯಿಸುವುದಿಲ್ಲ ಎಂಬುದು 2003ರ ಸರ್ವೋಚ್ಚ ನ್ಯಾಯಾಲಯದ ತೀರ್ಪು. ಗಾಡಿ ಮಗುಚಿದರೆ ಪರಿಹಾರ ಕೊಡಬೇಕಾದವನು ಮಾಲೀಕ. ಅವನ ಬಳಿ ಇರುವುದು ಆ ನುಜ್ಜುಗುಜ್ಜಾದ ಗಾಡಿಯೊಂದೇ. ಆ ಹೊತ್ತಿಗೆ ಬಸ್ಸು ಇದ್ದಿದ್ದರೆ ಅವರೇಕೆ ಗಾಡಿ ಹತ್ತುತ್ತಿದ್ದರು?

ವಿಮಾ ಕಂಪನಿಗಳ ವಾದವನ್ನೂ ಕೇಳಬೇಕು. ನಕಲಿ ದಾವೆಗಳು ಇವೆ, ಸುಳ್ಳಲ್ಲ. ಉತ್ತರ ಪ್ರದೇಶದಲ್ಲಿ ಇಂಥ ದಾವೆಗಳ ತನಿಖೆಗೆ 2015ರಲ್ಲಿ ಉಚ್ಚ ನ್ಯಾಯಾಲಯವೇ ವಿಶೇಷ ತನಿಖಾ ತಂಡ ರಚಿಸಬೇಕಾಯಿತು. ಆಸ್ಪತ್ರೆಯ ಬಾಗಿಲಲ್ಲೇ ಗಾಯಾಳುವಿಗೆ ಗಾಳ ಹಾಕುವ ದಲ್ಲಾಳಿಗಳು, ಬಂದ ಹಣದಲ್ಲಿ ಪಾಲು ಕೇಳುವವರು, ಗುದ್ದದ ವಾಹನವನ್ನು ಗುದ್ದಿತೆಂದು ಸೃಷ್ಟಿಸುವವರು ನಮ್ಮಲ್ಲೂ ಇದ್ದಾರೆ. ಇವರನ್ನು ಜೈಲಿಗೆ ಕಳಿಸಲಿ. ಆದರೆ ಪರೀಕ್ಷೆಯಲ್ಲಿ ಇಬ್ಬರು ನಕಲು ಮಾಡಿದರೆಂದು ಇಡೀ ತರಗತಿಯ ಅಂಕ ಕಡಿಯುವ ಮೇಷ್ಟರನ್ನು ನೀವು ಒಪ್ಪುತ್ತಿದ್ದಿರಾ? ಕಳ್ಳನನ್ನು ಹಿಡಿಯಲು ತನಿಖೆ ಬೇಕು. ಅದು ಶ್ರಮದ ಕೆಲಸ. ಎಲ್ಲರ ಮೇಲೂ ಸಂಶಯಪಡುವುದಕ್ಕೆ ಶ್ರಮ ಬೇಡ.

ಒಳ್ಳೆಯ ಬದಲಾವಣೆಗಳೂ ಆಗಿವೆ, ಹೇಳದಿದ್ದರೆ ತಪ್ಪಾದೀತು. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳಂತೆ ಪೊಲೀಸರು 48 ಗಂಟೆಗಳಲ್ಲಿ ಮೊದಲ ಅಪಘಾತ ವರದಿಯನ್ನೂ, 90 ದಿನಗಳಲ್ಲಿ ವಿವರವಾದ ವರದಿಯನ್ನೂ ನ್ಯಾಯಮಂಡಳಿಗೆ ಕೊಡಬೇಕು. ತಪ್ಪು ಯಾರದೆಂದು ನೋಡದೆ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ಕೊಡುವ 164ನೆಯ ಕಲಮು ಬಂದಿದೆ. ಗುದ್ದಿ ಓಡಿಹೋದ ವಾಹನದಿಂದ ಸತ್ತವರ ಕುಟುಂಬಕ್ಕೆ 2 ಲಕ್ಷ ಎಂದಾಗಿದೆ. 2025ರ ಮೇ ತಿಂಗಳಿನಿಂದ ಗಾಯಾಳುವಿಗೆ ಏಳು ದಿನಗಳವರೆಗೆ 1.5 ಲಕ್ಷ ರೂಪಾಯಿ ಮಿತಿಯಲ್ಲಿ ನಗದಿಲ್ಲದ ಚಿಕಿತ್ಸೆಯ ಯೋಜನೆ ಬಂದಿದೆ. ಆದರೆ ಅದೇ ತಿದ್ದುಪಡಿ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿದಿದೆ. 1994ರಲ್ಲಿ ತೆಗೆದುಹಾಕಿದ್ದ ಕಾಲಮಿತಿಯನ್ನು ಮತ್ತೆ ತಂದು, ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂದಿದೆ. ತೊಡೆಯ ಮೂಳೆಯೇ ಕೆಲವೊಮ್ಮೆ ಆರು ತಿಂಗಳಿಗೆ ಕೂಡುವುದಿಲ್ಲ ಸ್ವಾಮಿ! ಗಂಡನ ವರ್ಷಾಬ್ದಿಕವೂ ಆಗಿರುವುದಿಲ್ಲ. ಇದನ್ನು ಪ್ರಶ್ನಿಸಿದ ಅರ್ಜಿಗಳ ವಿಚಾರಣೆಯಲ್ಲಿ, ತಡವಾಯಿತೆಂಬ ಕಾರಣಕ್ಕೆ ದಾವೆಗಳನ್ನು ವಜಾ ಮಾಡಬೇಡಿರೆಂದು ಸರ್ವೋಚ್ಚ ನ್ಯಾಯಾಲಯ 2025ರ ನವೆಂಬರಿನಲ್ಲಿ ಮಧ್ಯಂತರ ಆದೇಶ ಕೊಟ್ಟಿತು. ಆ ಕಲಮು ಶಾಶ್ವತವಾಗಿ ಹೋಗಬೇಕು.

ನಾನು ಕೇಳುವುದು ಹೆಚ್ಚಿಲ್ಲ. ಆದಾಯಕ್ಕೆ ದಾಖಲೆಯಿಲ್ಲದಿದ್ದರೆ ಆ ಕೆಲಸಕ್ಕೆ ಆ ವರ್ಷ ಸರ್ಕಾರವೇ ಗೊತ್ತುಪಡಿಸಿದ ಕನಿಷ್ಠ ವೇತನಕ್ಕಿಂತ ಒಂದು ರೂಪಾಯಿಯೂ ಕಡಿಮೆ ಹಿಡಿಯಬಾರದು. ಭವಿಷ್ಯದ ಆದಾಯಕ್ಕೆಂದು ಖಾಯಂ ನೌಕರನಿಗೆ 50, ಕೂಲಿಯವನಿಗೆ 40 ಎಂಬ ಭೇದ ಅಳಿಯಬೇಕು. ಗಾಯಾಳು ತನ್ನ ಕೆಲಸವನ್ನು ಹೇಗೆ ಮಾಡುತ್ತಿದ್ದನೆಂದು ಅವನ ಮಾತಿನಲ್ಲೇ ದಾಖಲಿಸದೆ ಅಂಗವೈಕಲ್ಯವನ್ನು ಮೂರರಿಂದ ಭಾಗಿಸಬಾರದು. ತಪ್ಪಿನ ಪಾಲು ಶೇಕಡಾ ಇಷ್ಟು ಎಂದು ಬರೆದರೆ ಆ ಅಂಕಿಗೆ ಕಾರಣವನ್ನು ಕೆಳಗೇ ಬರೆಯಬೇಕು.

ನಿಮ್ಮಲ್ಲಿ ವಕೀಲರಿದ್ದೀರಿ, ಪೊಲೀಸ್ ಇಲಾಖೆಯಲ್ಲಿದ್ದೀರಿ, ಲೋಕೋಪಯೋಗಿ ಇಲಾಖೆಯಲ್ಲಿದ್ದೀರಿ, ವಿಮಾ ಕಂಪನಿಗಳಲ್ಲಿಯೂ ಇದ್ದೀರಿ. ವಕೀಲರಾದವರು ಕಕ್ಷಿದಾರನನ್ನು ಆದಾಯ ಎಷ್ಟೆಂದು ಕೇಳಿ ನಿಲ್ಲಿಸದೆ, ಅವನ ಒಂದು ದಿನದ ಕೆಲಸವನ್ನು ಬೆಳಗಿನಿಂದ ಸಂಜೆಯವರೆಗೆ ಬಿಡಿಸಿ ಹೇಳಿಸಿ, ಪ್ರಮಾಣಪತ್ರದಲ್ಲಿ ಬರೆಯಿಸಿರಿ. ಠಾಣೆಯಲ್ಲಿರುವವರು ನಕ್ಷೆ ಬರೆಯುವ ಮೊದಲು ಆಸ್ಪತ್ರೆಗೆ ಹೋಗಿ ಬನ್ನಿರಿ, ರಸ್ತೆಯ ಗುಂಡಿಯನ್ನೂ ನಕ್ಷೆಯಲ್ಲಿ ತೋರಿಸಿರಿ. ಗುತ್ತಿಗೆದಾರರಾದವರು ಕೂಲಿಯನ್ನು ಬ್ಯಾಂಕ್ ಖಾತೆಗೆ ಹಾಕಿರಿ, ನಿಮ್ಮ ಕೆಲಸಗಾರರನ್ನು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಿ. ದಿನಗೂಲಿಯ ಮಕ್ಕಳೇ, ಎರಡು ರೂಪಾಯಿಯ ನೋಟುಬುಕ್ಕಿನಲ್ಲಾದರೂ ಯಾವ ದಿನ ಯಾರಲ್ಲಿ ಎಷ್ಟು ಕೂಲಿ ಎಂದು ಬರೆದಿಟ್ಟು, ವಾರಕ್ಕೊಮ್ಮೆ ಮೇಸ್ತ್ರಿಯ ಸಹಿ ಹಾಕಿಸಿಕೊಳ್ಳಿರಿ. ಲೆಕ್ಕ ಬರೆಯಲು ನಿಮಗೆಲ್ಲ ಕಲಿಸಿದ್ದೇನೆ.